ಒಂದೇ ಸ್ವಿಚ್ಚು, ಎರಡು ಎಲ್‌ಇಡಿ, ಒಂದು ಮಾತ್ರ ತಡ ಯಾಕೆ?

ಒಂದೇ ಬ್ಯಾಚಿನ ಎರಡು ದೀಪ, ಸ್ವಿಚ್ಚೂ ಒಂದೇ. ಒಂದು ಒತ್ತಿದ ಕೂಡಲೇ ಹೊತ್ತುತ್ತದೆ, ಇನ್ನೊಂದು ಒಂದು ಸೆಕೆಂಡು ಯೋಚನೆ ಮಾಡುತ್ತದೆ. ಎಲ್‌ಇಡಿ ಚಿಪ್ಪನ್ನು ಬೈದು ಪ್ರಯೋಜನವಿಲ್ಲ. ಫ್ಲೈಬ್ಯಾಕ್ ಡ್ರೈವರ್‌ನಲ್ಲಿ (ಚಿಕ್ಕ ಟ್ರಾನ್ಸ್‌ಫಾರ್ಮರ್ ಮೂಲಕ ಎಲ್‌ಇಡಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಈ ಸಮಯದ ಬಹುಪಾಲು ಹೋಗುವುದು ಅದನ್ನು ನಡೆಸುವ ಐಸಿಯ ವಿಸಿಸಿ ಪಿನ್ನಿನ, ಅಂದರೆ ಐಸಿಗೇ ವಿದ್ಯುತ್ ಬರುವ ಪಿನ್ನಿನ, ಕೆಪಾಸಿಟರ್ ತುಂಬುವುದಕ್ಕೆ.

ಮಾಮೂಲಿ ಅಂಕಿಗಳನ್ನೇ ತಗೊಳ್ಳಿ: ಆ ಕೆಪಾಸಿಟರ್ ತುಂಬಿಸುವ ಸ್ಟಾರ್ಟಪ್ ರೆಸಿಸ್ಟರ್ 1 ಮೆಗಾಓಮ್, ಕೆಪಾಸಿಟರ್ 10 ಮೈಕ್ರೋಫ್ಯಾರಡ್, ಐಸಿ ಎದ್ದೇಳುವುದು 16 ವೋಲ್ಟ್‌ಗೆ, ಅಲ್ಲಿಯವರೆಗೆ ಐಸಿ ತಾನೇ ಕುಡಿಯುವ ಕರೆಂಟ್ 30 ಮೈಕ್ರೋಆಂಪ್. 230 ವೋಲ್ಟ್ ಎಸಿಯಲ್ಲಿ ಬಲ್ಕ್ ಕೆಪಾಸಿಟರ್ (ಎಸಿಯನ್ನು ಡಿಸಿ ಮಾಡಿದ ಮೇಲೆ ಬರುವ ದೊಡ್ಡ ಕೆಪಾಸಿಟರ್) ಮೇಲೆ 325 ವೋಲ್ಟ್ ಇರುತ್ತದೆ, ರೆಸಿಸ್ಟರ್ ಮೂಲಕ ಸುಮಾರು 0.32 ಮಿಲಿಆಂಪ್ ಬರುತ್ತದೆ. ಐಸಿಯ ಪಾಲು ಕಳೆದರೆ 0.29. ಲೆಕ್ಕ ಹಾಕಿ, 0.56 ಸೆಕೆಂಡು. ಯುರೋಪ್ ಒಕ್ಕೂಟದ 2012ರ ನಿಯಮ ಕೇಳಿದ್ದು 0.5 ಸೆಕೆಂಡಿನೊಳಗೆ, ಅಂದರೆ ಎಲ್ಲ ಸರಿಯಿದ್ದಾಗಲೇ ಈ ಡಿಸೈನ್ ಫೇಲ್.

ಈಗ ಟಾಲರೆನ್ಸ್, ಅಂದರೆ ಬಿಡಿಭಾಗಗಳ ಅಂಕಿಯ ಏರುಪೇರು, ಸೇರಿಸಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ±20%, ರೆಸಿಸ್ಟರ್ ±5%, ಐಸಿ ಏಳುವ ಮಟ್ಟ 14.5ರಿಂದ 17.5 ವೋಲ್ಟ್, ಅದರ ಕರೆಂಟ್ 10ರಿಂದ 50 ಮೈಕ್ರೋಆಂಪ್. 250 ವೋಲ್ಟ್‌ನಲ್ಲಿ ಎಲ್ಲವೂ ಅನುಕೂಲವಾಗಿ ಕೂಡಿದರೆ 0.33 ಸೆಕೆಂಡು. ಸಂಜೆ ಲೈನು 160ಕ್ಕೆ ಇಳಿದು ಎಲ್ಲವೂ ಎದುರಾದರೆ 1.3 ಸೆಕೆಂಡು. ಒಂದೇ ಸರ್ಕ್ಯೂಟ್, ನಾಲ್ಕು ಪಟ್ಟು ಅಂತರ! ವೋಲ್ಟೇಜ್ ಇಳಿದಷ್ಟೂ ತಡ ಇನ್ನೂ ಜೋರಾಗಿ ಬೆಳೆಯುತ್ತದೆ, ಯಾಕಂದರೆ ಬರುವ ಕರೆಂಟ್ ಕಡಿಮೆಯಾದರೂ ಐಸಿ ತನ್ನ ಪಾಲು ಬಿಡುವುದಿಲ್ಲ. ಹಳೆಯ ಕೆಪಾಸಿಟರ್‌ನ ಲೀಕೇಜ್ ಕೂಡ ಅದೇ ಲೆಕ್ಕಕ್ಕೆ ಸೇರುತ್ತದೆ.

ಹಾಗಾದರೆ ಕೆಪಾಸಿಟರ್ ಚಿಕ್ಕದು ಮಾಡಿದರಾಯಿತಲ್ಲ? ಅಲ್ಲೇ ಎಡವುವುದು. ಐಸಿ ಎದ್ದ ಮೇಲೆ ಟ್ರಾನ್ಸ್‌ಫಾರ್ಮರ್‌ನ ಆಕ್ಸಿಲರಿ ವೈಂಡಿಂಗ್ (ಐಸಿಗೆಂದೇ ಸುತ್ತಿದ ಸುರುಳಿ) ಕೈಗೂಡುವವರೆಗೆ ಅದನ್ನು ಸಾಕುವುದು ಇದೇ ಕೆಪಾಸಿಟರ್. ಔಟ್‌ಪುಟ್‌ನಲ್ಲಿ 470 ಮೈಕ್ರೋಫ್ಯಾರಡ್ ಇದ್ದು 300 ಮಿಲಿಆಂಪ್‌ನಲ್ಲಿ 36 ವೋಲ್ಟ್‌ಗೆ ಏರಲು 56 ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಐಸಿ 2 ಮಿಲಿಆಂಪ್ ತಿಂದರೆ, 16ರಿಂದ 9 ವೋಲ್ಟ್‌ಗೆ ಇಳಿಯುವುದರೊಳಗೆ ಕೆಲಸ ಮುಗಿಯಲು ಕನಿಷ್ಠ 16 ಮೈಕ್ರೋಫ್ಯಾರಡ್ ಬೇಕು. 10 ಹಾಕಿದರೆ ಐಸಿ ಎದ್ದು ಬೀಳುತ್ತದೆ, ಮತ್ತೆ ಏಳುತ್ತದೆ; ದೀಪ ಮಿಣುಕುತ್ತದೆ. ಒಣಗಿದ ಕೆಪಾಸಿಟರ್‌ನ ಲಕ್ಷಣವೂ ಇದೇ. 22 ಹಾಕಿದರೆ ಮಿಣುಕು ನಿಲ್ಲುತ್ತದೆ, ಆದರೆ ಕಾಯುವುದು 1.2 ಸೆಕೆಂಡು.

ಆದ್ದರಿಂದ ಮೊದಲು ಔಟ್‌ಪುಟ್ ಕೆಪಾಸಿಟರ್ ನೋಡಿ, ರಿಪಲ್ (ಔಟ್‌ಪುಟ್‌ನ ಏರಿಳಿತ) ಒಪ್ಪುವಷ್ಟು ಕಡಿಮೆ ಮಾಡಿ; ಆಗ ಚಿಕ್ಕ ವಿಸಿಸಿ ಕೆಪಾಸಿಟರೇ ಸಾಕಾಗುತ್ತದೆ. ರೆಸಿಸ್ಟರ್ 680 ಕಿಲೋಓಮ್‌ಗೆ ಇಳಿಸಿದರೆ ಸದಾ 0.16 ವಾಟ್ ಬಿಸಿಯಾಗುತ್ತದೆ. ಬೋರ್ಡಿನ ಮೇಲೇ ಕೂರುವ 1206 ಸೈಜಿನ ರೆಸಿಸ್ಟರ್ ತಡೆಯುವುದು ಸಾಮಾನ್ಯವಾಗಿ 200 ವೋಲ್ಟ್, ಹಾಗಾಗಿ 340 ಕಿಲೋಓಮ್‌ನ ಎರಡನ್ನು ಸರಣಿಯಲ್ಲಿ ಹಾಕಬೇಕು. ಬೆಲೆ ಒಪ್ಪಿದರೆ ಒಳಗೇ ಹೈವೋಲ್ಟೇಜ್ ಕರೆಂಟ್ ಸೋರ್ಸ್ ಇರುವ ಐಸಿಯೇ ನನ್ನ ಆಯ್ಕೆ: ಲೈನ್ ವೋಲ್ಟೇಜ್‌ನ ಗೊಡವೆಯೇ ಇರುವುದಿಲ್ಲ.

ಅಳೆಯಲು ದುಬಾರಿ ಸಾಮಾನು ಬೇಡ. ಸ್ವಿಚ್ ಬೋರ್ಡಿನ ನಿಯಾನ್ ಇಂಡಿಕೇಟರನ್ನು ಅದೇ ಸ್ವಿಚ್ಚಿನಿಂದ ಹೊತ್ತುವಂತೆ ಜೋಡಿಸಿ, ದೀಪದ ಜೊತೆ ಒಂದೇ ಫ್ರೇಮಿನಲ್ಲಿಟ್ಟು ಮೊಬೈಲ್‌ನ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಒಂದು ಫ್ರೇಮ್ ಅಂದರೆ 4.2 ಮಿಲಿಸೆಕೆಂಡು. ಆಸಿಲೋಸ್ಕೋಪ್ ಇದ್ದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ ಪ್ರೈಮರಿ, ಅಂದರೆ ಲೈನಿಗೆ ನೇರ ಸೇರಿದ ಭಾಗ, ಮುಟ್ಟಬೇಡಿ. ಪ್ರತಿ ಅಳತೆಗೂ ಮುಂಚೆ ಲೈನ್ ಬಿಡಿಸಿ, ಬಲ್ಕ್ ಮತ್ತು ವಿಸಿಸಿ ಎರಡೂ ಖಾಲಿಯಾಗುವವರೆಗೆ ಕಾಯಿರಿ. ಉಳಿದ ಚಾರ್ಜ್ ಇದ್ದರೆ ಎರಡನೇ ಸಲದ ಅಂಕಿ ಸುಳ್ಳೇ ಕಡಿಮೆ ಬರುತ್ತದೆ.