ದೀಪಾವಳಿಗೆ ಹೇಗಿದ್ದ?

ಮಂಗಳವಾರ ಬಂತೆಂದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಹಿಂದಿನ ಕೋಣೆಯ ಮುಂದೆ ಬೆಂಚು ಸಾಲುವುದಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಜಿಲ್ಲೆಯಿಂದ ಮನೋವೈದ್ಯರು ಬರುವ ದಿನ ಅದು. ಅವರು ನೋಡುವ ಮೊದಲು ಮನೆಯವರನ್ನು ಕೂರಿಸಿಕೊಂಡು, ಏನಾಯಿತು, ಯಾವಾಗಿನಿಂದ ಎಂದು ಕೇಳಿ ಬರೆದಿಡುವುದು ನನ್ನ ಕೆಲಸ. ಆದೇಶ ಪತ್ರದಲ್ಲಿ ನಾನು ಮನೋ ಸಾಮಾಜಿಕ ಕಾರ್ಯಕರ್ತೆ. ಊರವರ ಬಾಯಲ್ಲಿ 'ಮಂಗಳವಾರದ ಮೇಡಂ'.

ಈ ದಿನವನ್ನು ಯಾರು ಆರಿಸಿದರೋ ಗೊತ್ತಿಲ್ಲ. ನಮ್ಮ ಕಡೆ ಚೌಡಮ್ಮನ ಗುಡಿಯಲ್ಲಿ ಕಷ್ಟ ಹೇಳಿಕೊಂಡು ನೋಟ ಕೇಳುವುದೂ ಮಂಗಳವಾರವೇ. ಬೆಳಗ್ಗೆ ಅಲ್ಲಿ ಕುಂಕುಮ ಇಡಿಸಿಕೊಂಡು ಮಧ್ಯಾಹ್ನ ಇಲ್ಲಿ ಚೀಟಿ ಮಾಡಿಸುವವರಿದ್ದಾರೆ. ಮಂಗಳವಾರ ಹೊಸದೇನನ್ನೂ ಶುರು ಮಾಡಬಾರದೆಂದು ಮೊದಲ ಮಾತ್ರೆಯನ್ನು ಬುಧವಾರಕ್ಕೆ ಇಟ್ಟುಕೊಳ್ಳುವವರೂ ಇದ್ದಾರೆ. ಒಂದು ದಿನ ತಾನೇ ಎಂದು ನಾನು ಸುಮ್ಮನಿರುತ್ತೇನೆ. ನನ್ನಿಂದಲೇ ಆರು ತಿಂಗಳು ತಡವಾದದ್ದಿದೆ, ಅವರ ಒಂದು ದಿನಕ್ಕೆ ಏನು ಹೇಳಲಿ?

ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಶಿವರಾತ್ರಿ ಕಳೆದ ಮೇಲಿನ ಮಂಗಳವಾರ, ಪೇಟೆಯ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದ ಇಪ್ಪತ್ತರ ಹುಡುಗನೊಬ್ಬ ಅಪ್ಪನ ಜೊತೆ ಬಂದಿದ್ದ. ಶರ್ಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಅವತ್ತು ಡಾಕ್ಟರು ರಜೆ. ಹಳೆಯ ಚೀಟಿಗಳ ಮಾತ್ರೆ ಕೊಡಿಸುವ ಗಲಾಟೆಯಲ್ಲಿ ನಾನಿದ್ದೆ.

"ಹದಿನೈದು ದಿವಸದಿಂದ ನಿದ್ದೆ ಇಲ್ಲ ಮೇಡಂ. ರಾತ್ರಿಯೆಲ್ಲ ಮೊಬೈಲು. ಪರೀಕ್ಷೆಗೂ ಕೂರದೆ ಮನೆಗೆ ಬಂದು ಕೂತಿದಾನೆ" ಅಂದರು ಅಪ್ಪ.

ನಾನು ಹುಡುಗನ ಕಡೆ ತಿರುಗಿ, ಕೈಯಲ್ಲಿ ಪೆನ್ನು ಹಿಡಿದೇ ಕೇಳಿದೆ: "ಯಾರೂ ಇಲ್ಲದಾಗ ಕಿವಿಗೆ ದನಿ ಏನಾದ್ರೂ ಕೇಳಿಸುತ್ತಾ?" ಅವನು ನನ್ನ ಮೇಜನ್ನೇ ನೋಡುತ್ತ "ಇಲ್ಲ" ಅಂದ. "ಯಾರ ಮೇಲಾದ್ರೂ ಅನುಮಾನ?" "ಇಲ್ಲ." ಅಪ್ಪ ಪಕ್ಕದಲ್ಲೇ ಕೂತಿದ್ದರು. 'ಪರೀಕ್ಷೆಯ ಒತ್ತಡ, ನಿದ್ರೆ ಕಡಿಮೆ, ಮೊಬೈಲ್ ಬಳಕೆ. ಅವಧಿ 15 ದಿನ' ಎಂದು ಬರೆದು, ಎರಡು ವಾರ ಬಿಟ್ಟು ಡಾಕ್ಟರಿದ್ದಾಗ ಬನ್ನಿ ಎಂದು ಕಳಿಸಿದೆ. ಬರಲಿಲ್ಲ. ರಿಜಿಸ್ಟರಿನಲ್ಲಿ ಅಪ್ಪನ ಫೋನ್ ನಂಬರಿತ್ತು. ನಾನು ಮಾಡಲಿಲ್ಲ. ಬರಲಿಲ್ಲವೆಂದರೆ ವಾಸಿಯಾಗಿರಬೇಕು ಅಂದುಕೊಳ್ಳುವ ಚಟ ಆಗ ನನಗಿತ್ತು.

ಗೌರಿ ಹಬ್ಬ ಹತ್ತಿರ ಬಂದಾಗ ಆ ಊರಿನ ಆಶಾ ಕಾರ್ಯಕರ್ತೆಯ ಫೋನು: "ಮೇಡಂ, ಆ ಮನೆ ಹುಡುಗ ಕಿಟಕಿಗೆಲ್ಲ ಪೇಪರ್ ಅಂಟಿಸಿಕೊಂಡಿದಾನಂತೆ. ಅವರಮ್ಮ ಮಾಡಿದ ಅಡುಗೆ ಮುಟ್ಟಲ್ವಂತೆ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಅಷ್ಟೇ." ಎರಡನ್ನೂ ಅವನೇ ಸುಲಿದು ತಿನ್ನುತ್ತಿದ್ದ. ಸಿಪ್ಪೆಯೊಳಗೆ ಯಾರೂ ವಿಷ ಬೆರೆಸಲಾರರು ಎಂಬುದು ಅವನ ಲೆಕ್ಕ.

ಮನೆಗೇ ಹೋದೆವು. ಧೋ ಎಂದು ಮಳೆ. ಅಪ್ಪ ತೋಟಕ್ಕೆ ಹೋಗಿದ್ದರು. ಅಮ್ಮ ಬಚ್ಚಲ ಒಲೆಯ ಮುಂದೆ ಕೂತು ಹಸಿ ಸೌದೆ ಊದುತ್ತಿದ್ದರು. "ಯಾವಾಗಿಂದ ಹೀಗೆ?" ಎಂದೆ. "ಈಗೊಂದು ತಿಂಗಳಾಯ್ತು ಜೋರಾಗಿ" ಎಂದರು. ಮುಂದೇನು ಕೇಳುವುದೆಂದು ಹೊಳೆಯದೆ, ಹಬ್ಬ ಎದುರಿಗಿತ್ತಲ್ಲ, ಸುಮ್ಮನೆ ಕೇಳಿದೆ: "ಹೋದ ಗೌರಿ ಹಬ್ಬಕ್ಕೆ ಹೇಗಿದ್ದ?"

"ಚೆನ್ನಾಗಿದ್ದ. ಮಂಟಪ ಎಲ್ಲ ಅವನೇ ಕಟ್ಟಿದ್ದು."

"ಭೂಮಿ ಹುಣ್ಣಿಮೆಗೆ?"

"ಬೆಳಗಿನ ಜಾವ ಎದ್ದು ಅವರಪ್ಪನ ಜೊತೆ ಗದ್ದೆಗೆ ಚರಗ ಬೀರಲಿಕ್ಕೆ ಹೋಗಿದ್ದ."

"ದೀಪಾವಳಿಗೆ?"

ಅವರು ಊದುವುದನ್ನು ನಿಲ್ಲಿಸಿದರು. "ದೀಪಾವಳಿಗೆ ಬಂದವನು ಎಣ್ಣೆ ಸ್ನಾನಕ್ಕೆ ಎದ್ದು ಬರಲಿಲ್ಲ. ಗೋಪೂಜೆಗೆ ಹಾರ ಕಟ್ಟು ಬಾ ಅಂದ್ರೆ ಕೋಣೆ ಬಿಡಲಿಲ್ಲ. ರಾತ್ರಿ ಅಂಟಿಗೆ-ಪಂಟಿಗೆಯವರು ಬಾಗಿಲಿಗೆ ಬಂದು ಹಾಡಿದ್ರಲ್ಲ, ಒಳಗಿಂದ ಚಿಲಕ ಹಾಕ್ಕೊಂಡ. 'ಅಮ್ಮ, ಅವರು ನನ್ನನ್ನೇ ಆಡಿಕೊಂಡು ಹಾಡ್ತಿದಾರೆ' ಅಂದ. ನಾನು ಯಾರಿಗೂ ಹೇಳಲಿಲ್ಲ ಮೇಡಂ. ಇವರಿಗೂ ಹೇಳಲಿಲ್ಲ."

ಹಿಂದಿನ ದೀಪಾವಳಿಯಿಂದ ಈ ಗೌರಿ ಹಬ್ಬಕ್ಕೆ ಹತ್ತು ತಿಂಗಳು. ಅದರಲ್ಲಿ ನಾಲ್ಕು ತಿಂಗಳು ಆಸ್ಪತ್ರೆಗೆ ಬರುವ ಮುಂಚಿನದು. ಉಳಿದ ಆರು ತಿಂಗಳು, ನನ್ನ ಮೇಜಿನ ಮುಂದೆ ಕೂತು ಎದ್ದು ಹೋದ ಮೇಲಿನದು.

ಅವನಿಗಾಗಿದ್ದದ್ದು ಸೈಕೋಸಿಸ್. ಹಾಗೆಂದರೆ ಇಲ್ಲದ ದನಿ ಕೇಳುವುದು, ಇಲ್ಲದ ಸಂಚು ಕಾಣುವುದು, ಯೋಚನೆಯ ಎಳೆ ತಪ್ಪುವುದು. ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ಹೆಚ್ಚಾಗಿ ಶುರು, ಗಂಡುಮಕ್ಕಳಲ್ಲಿ ಸಾಮಾನ್ಯವಾಗಿ ಒಂದಷ್ಟು ಮೊದಲೇ. ('ಸೈಕೋ' ಎಂಬುದು ನಮ್ಮ ಹುಡುಗರ ಬೈಗುಳವಾದ ಮೇಲೆ ಮನೆಯವರ ಮುಂದೆ ಈ ಪದ ಎತ್ತಲು ನಾಲಿಗೆ ಹಿಂಜರಿಯುತ್ತದೆ.) ಲಕ್ಷಣ ಶುರುವಾದಾಗಿನಿಂದ ಸರಿಯಾದ ಚಿಕಿತ್ಸೆ ಸಿಗುವವರೆಗಿನ ಅವಧಿ ಉದ್ದವಾದಷ್ಟೂ ಚೇತರಿಕೆ ನಿಧಾನ, ಅರೆಬರೆ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ನಾರ್ವೆಯ ರೋಗಲ್ಯಾಂಡ್ ಎಂಬ ಪ್ರಾಂತ್ಯದಲ್ಲಿ ನಡೆದ ಪ್ರಯೋಗವನ್ನೂ ಓದಿದ್ದೆ. ಅಲ್ಲಿ 1997ರಿಂದ 2000ದವರೆಗೆ ಪತ್ರಿಕೆ, ರೇಡಿಯೋ, ಶಾಲೆಗಳಲ್ಲಿ ಜನರಿಗೆ ತಿಳಿಹೇಳಿ, ಯಾರು ಬೇಕಾದರೂ ನೇರ ಫೋನ್ ಮಾಡಬಹುದಾದ ಪತ್ತೆ ತಂಡ ಇಟ್ಟರು. ಹೋಲಿಕೆಗೆ ಇಟ್ಟುಕೊಂಡ ಕಡೆಗಳಲ್ಲಿ ಚಿಕಿತ್ಸೆ ಸಿಗುವವರೆಗಿನ ಈ ಅವಧಿಯ ಮಧ್ಯಾಂಕ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) 16 ವಾರ ಇದ್ದರೆ ಅಲ್ಲಿ 5 ವಾರ. ಪ್ರಚಾರ ನಿಲ್ಲಿಸಿದ ಮೇಲೆ ಮತ್ತೆ ಏರಿತು. 10 ವರ್ಷದ ನಂತರ ನೋಡಿದಾಗಲೂ ಬೇಗ ಪತ್ತೆಯಾದ ಕಡೆಯವರಲ್ಲಿ ಚೇತರಿಸಿಕೊಂಡವರ ಪಾಲು ಹೆಚ್ಚಿತ್ತು. ನಾರ್ವೆಯ ವಾರಗಳ ಲೆಕ್ಕ ಬಾಯಿಪಾಠವಿದ್ದ ನಾನು ಎದುರಿಗಿದ್ದ ಹುಡುಗನ ತಿಂಗಳು ಎಣಿಸಿರಲಿಲ್ಲ.

'ಯಾವಾಗ ಶುರುವಾಯ್ತು' ಎಂಬ ಪ್ರಶ್ನೆಯೇ ಕೆಟ್ಟದ್ದು ಎಂದು ಆ ಒಲೆಯ ಮುಂದೆ ಗೊತ್ತಾಯಿತು. ಅದಕ್ಕೆ ಮನೆಯವರು ತಮಗೆ ತಡೆಯಲಾಗದೆ ಹೋದ ದಿನವನ್ನು ಹೇಳುತ್ತಾರೆ: ತಟ್ಟೆ ಎಸೆದ ದಿನ, ಪರೀಕ್ಷೆ ಬಿಟ್ಟು ಬಂದ ದಿನ. ಕಾಯಿಲೆ ಬರುವುದು ಹಾಲು ಒಡೆದ ಹಾಗಲ್ಲ, ಮೊಸರು ಹುಳಿಯಾದ ಹಾಗೆ. ಅದಕ್ಕೆ ಈಗ ನಾನು 'ಕೊನೆಗೆ ಸರಿಯಾಗಿದ್ದದ್ದು ಯಾವಾಗ' ಎಂಬಲ್ಲಿಂದ ಹಿಡಿದು ಹಬ್ಬ ಹಬ್ಬ ದಾಟಿ ಬರುತ್ತೇನೆ. ಗದ್ದೆಯವರಿಗೆ ಮಳೆ ನಕ್ಷತ್ರ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ: ಆರಿದ್ರೆ ಮಳೆಗೆ ಸಸಿ ಕೀಳಲು ಬಂದಿದ್ದಳಾ? ಅಡಿಕೆಯವರಿಗೆ ಕೊನೆಕೊಯ್ಲು: ಸುಲಿಯುವಾಗ ಎಲ್ಲರ ಜೊತೆ ಕೂತು ಮಾತಾಡಿದ್ದನಾ? ಬೆಂಗಳೂರಿನಿಂದ ವಾಪಸ್ ಬಂದ ಹುಡುಗರಿಗೆ ಐಪಿಎಲ್. ಒಬ್ಬ ಅಣ್ಣ ಹೇಳಿದ: "ಹೋದ ಸಲ ಆರ್‌ಸಿಬಿ ಸೋತರೆ ಊಟ ಬಿಡ್ತಿದ್ದ. ಈ ಸಲ ಟಿವಿ ಹಾಕಿದ್ರೆ ಎದ್ದು ಹೋಗ್ತಿದ್ದ, ಕಾಮೆಂಟರಿಯವರು ತನ್ನ ಹೆಸರು ಹೇಳ್ತಾರೆ ಅಂತ." ಆ ಒಂದು ವಾಕ್ಯ ನನ್ನ ನಾಲ್ಕು ಪುಟದ ನಮೂನೆಗಿಂತ ಹೆಚ್ಚು ಹೇಳಿತು. ಇನ್ನೊಂದು, ಅಪ್ಪ ಒಬ್ಬರೇ ಬಂದಿದ್ದರೆ ಮನೆಯಲ್ಲಿರುವ ಹೆಂಗಸರಿಗೆ ಅಲ್ಲಿಂದಲೇ ಫೋನ್ ಹಚ್ಚುತ್ತೇನೆ. ಯಾರು ಸ್ನಾನ ಬಿಟ್ಟರು, ಯಾರ ತಟ್ಟೆಯಲ್ಲಿ ಅನ್ನ ಉಳಿಯಿತು ಎಂಬ ಪಂಚಾಂಗ ಅವರ ಹತ್ತಿರ ಇರುತ್ತದೆ.

ಹುಡುಗ ನನಗೆ ಯಾಕೆ 'ಇಲ್ಲ' ಅಂದಿದ್ದ ಎಂಬುದು ತಿಳಿದದ್ದು ಅವನು ಸುಧಾರಿಸಿದ ಮೇಲೆ. ಮೇಜಿನ ಮೇಲೆ ನನ್ನ ಮೊಬೈಲಿತ್ತು. ಅದು ತನ್ನ ಮಾತನ್ನು ಹಾಸ್ಟೆಲ್ಲಿನವರಿಗೆ ತಲುಪಿಸುತ್ತಿದೆ ಎಂದು ಅವನಿಗೆ ಖಾತ್ರಿಯಿತ್ತು. ಸಾಲದ್ದಕ್ಕೆ ನಾನು ಬರೆದುಕೊಳ್ಳುತ್ತಿದ್ದೆ. "ನೀವೂ ಅವರ ಕಡೆಯವರೇ ಅಂದ್ಕೊಂಡಿದ್ದೆ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಈಗ ಮೊಬೈಲು ಡ್ರಾಯರಿನಲ್ಲಿ, ಪೆನ್ನು ಕೆಳಗೆ, ಮನೆಯವರು ಹತ್ತು ನಿಮಿಷ ಹೊರಗೆ. ದನಿಯ ಮಾತು ಕೊನೆಗೆ. ಮೊದಲು ನಿದ್ದೆ, ಊಟ, ಪೇಟೆಯಲ್ಲಿ ನಡೆದರೆ ಜನ ನೋಡುತ್ತಾರೆ ಅನ್ನಿಸುತ್ತಾ, ಯಾರೋ ಹೆಸರು ಹಿಡಿದು ಕರೆದ ಹಾಗಾಗುತ್ತಾ. ಗಾಂಜಾ ಸೇದಿದ್ದುಂಟಾ ಎಂದು, ಕಾಫಿ ಕುಡಿದೆಯಾ ಎನ್ನುವ ದನಿಯಲ್ಲೇ ಕೇಳುತ್ತೇನೆ. ಸಾಯಬೇಕು ಅನ್ನಿಸುತ್ತಾ ಎಂಬುದನ್ನಂತೂ ಬಿಡುವುದಿಲ್ಲ, ಮೊದಮೊದಲ ತಿಂಗಳುಗಳಲ್ಲೇ ಆ ಅಪಾಯ ಹೆಚ್ಚು.

ಚಿಕಿತ್ಸೆಯ ಕಥೆ ಅಷ್ಟು ದೊಡ್ಡದಲ್ಲ. ಡಾಕ್ಟರು ಜ್ವರ, ಫಿಟ್ಸ್, ತಲೆಪೆಟ್ಟು ವಿಚಾರಿಸಿ, ಥೈರಾಯ್ಡ್ ಸೇರಿ ರಕ್ತ ಪರೀಕ್ಷೆ ಮಾಡಿಸಿದರು. ಹೀಗೆ ಕಾಣುವುದೆಲ್ಲ ಮನೋರೋಗವೇ ಆಗಿರಬೇಕಿಲ್ಲ. ಆಮೇಲೆ ಸೈಕೋಸಿಸ್‌ಗೆ ಕೊಡುವ ರಿಸ್ಪೆರಿಡೋನ್ ಮಾತ್ರೆ, ಸಣ್ಣ ಪ್ರಮಾಣದಲ್ಲಿ. ಮೊದಲ ಸಲದವರಿಗೆ ಸಾಮಾನ್ಯವಾಗಿ ಕಡಿಮೆ ಡೋಸೇ ಸಾಕು, ಜಾಸ್ತಿ ಕೊಟ್ಟರೆ ಮೈ ಬಿಗಿದು ಕೈ ನಡುಗಿ ಮಾತ್ರೆಯನ್ನೇ ಬಿಡುತ್ತಾರೆ. ಮೂರನೇ ವಾರ ಅಮ್ಮ ಬಡಿಸಿದ ಅನ್ನ ಉಂಡ. ಕಿಟಕಿಯ ಪೇಪರನ್ನು ಅವನಾಗಿ ಕಿತ್ತದ್ದು ಎರಡು ತಿಂಗಳಾದ ಮೇಲೆ.

ಕಷ್ಟ ಶುರುವಾದದ್ದು ಅಲ್ಲಿಂದ. "ಹುಷಾರಾದನಲ್ಲ, ನಿದ್ದೆ ಮಾತ್ರೆ ಯಾಕೆ, ಮೈಗೆ ಹೀಟು" ಅಂದರು ಅಪ್ಪ. ಅದು ನಿದ್ದೆ ಮಾತ್ರೆಯಲ್ಲ, ಲಕ್ಷಣ ಹೋದ ಮೇಲೂ ಒಂದೆರಡು ವರ್ಷ ಬೇಕು, ನಿಲ್ಲಿಸುವುದಿದ್ದರೆ ಡಾಕ್ಟರೇ ನಿಧಾನಕ್ಕೆ ಇಳಿಸಬೇಕು ಎಂದು ಎಷ್ಟು ಸಲ ಹೇಳಿದೆನೋ. ದನಿ ಹೋದ ಮೇಲೆ ಒಂದು ಮಂಕು ಉಳಿಯುತ್ತದೆ, ಉತ್ಸಾಹವಿಲ್ಲ, ಮಾತಿಲ್ಲ. ಮನೆಯವರ ಕಣ್ಣಿಗೆ ಅದು ಸೋಮಾರಿತನ. "ತಿಂದು ಮಲಗ್ತಾನೆ" ಎಂದು ಹೊತ್ತು ಹೊತ್ತಿಗೆ ಚುಚ್ಚುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಅಪ್ಪನನ್ನು ಕೂರಿಸಿಕೊಂಡು, ದಿನಕ್ಕೆ ಒಂದೇ ಕೆಲಸ ಹೇಳಿ ಎಂದೆ. ಅವರು ಆರಿಸಿಕೊಂಡದ್ದು ಕರುವಿಗೆ ಹುಲ್ಲು ಹಾಕುವ ಕೆಲಸ. ಹೊರಟು ನಿಂತವರು, ಅವನು ಹಾಕದಿದ್ದರೆ ಕರು ಕೂಗುತ್ತದೆ, ನಾನು ಕೂಗಬೇಕಿಲ್ಲ ಅಂದರು.

ಮುಂದಿನ ವರ್ಷ ಕಾಲೇಜಿಗೆ ಹೋದ. ಜೊತೆಯವರು ಕೊನೆಯ ವರ್ಷದಲ್ಲಿದ್ದಾಗ ಇವನು ಎರಡನೇ ವರ್ಷಕ್ಕೆ ಮತ್ತೆ ಕೂತ. ಆ ಹೋದ ವರ್ಷದಲ್ಲಿ ಅರ್ಧ ನನ್ನ ಖಾತೆಗೆ.

ನಮ್ಮ ಈ ಕಾರ್ಯಕ್ರಮದ ಬೇರು ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಬೆಂಚಿನಲ್ಲಿ ಕಾಯುವ ನಮಗಿಂತ ಮನೆ ಮನೆ ತಿರುಗುವವರಿಗೆ ಮೊದಲು ಗೊತ್ತಾಗುತ್ತದೆ ಎಂಬುದು ಅಷ್ಟು ಹಳೆಯ ತಿಳಿವಳಿಕೆ. ಆಶಾ ಸಭೆಯಲ್ಲಿ ಈಗ ನಾನು ಲಕ್ಷಣದ ಪಟ್ಟಿ ಓದುವುದಿಲ್ಲ. "ನಿಮ್ಮ ಊರಲ್ಲಿ ಈ ಹಬ್ಬಕ್ಕೆ ಹೊರಗೆ ಕಾಣದ ಹುಡುಗ ಹುಡುಗಿಯರು ಯಾರು?" ಅಷ್ಟೇ. ಚೌಡಮ್ಮನ ಗುಡಿಯ ಪೂಜಾರರಿಗೂ ನನ್ನ ನಂಬರ್ ಕೊಟ್ಟು ಬಂದೆ. ಅಂತ್ರ-ತಾಯಿತ ಬಿಚ್ಚಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಮಾತ್ರೆ ಬೇಡ ಎಂದು ಅವರು ಹೇಳಬಾರದು ಎಂಬುದು ನಮ್ಮ ಒಪ್ಪಂದ. ಇಬ್ಬರನ್ನು ಕಳಿಸಿಕೊಟ್ಟಿದ್ದಾರೆ. ಮಂಗಳವಾರದ ತನಕ ತಡೆಯಲಾಗದ ರಾತ್ರಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದ ಚೀಟಿ ಎಲ್ಲರ ಕೈಗೂ ಹೋಗುತ್ತದೆ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೋದ ವಾರ ಹೀಗೇ ಒಬ್ಬ ಆಶಾ ಒಂದು ಪಿಯು ಹುಡುಗಿಯನ್ನು ಕರೆತಂದರು. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆದವಳು ದೀಪಾವಳಿಗೆ ರಂಗೋಲಿ ಮುಟ್ಟಿಲ್ಲ. ಕ್ಲಾಸಿನಲ್ಲಿ ಎಲ್ಲರೂ ತನ್ನನ್ನು ನೋಡಿ ಪಿಸುಗುಡುತ್ತಾರೆ ಅನ್ನಿಸುತ್ತದಂತೆ, ಆದರೆ 'ನನ್ನ ಭ್ರಮೆಯೂ ಇರಬಹುದು' ಎಂದು ಅವಳೇ ಹೇಳುತ್ತಾಳೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಸೈಕೋಸಿಸ್‌ಗೆ ಹೋಗುವುದೇ ಇಲ್ಲ, ಖಿನ್ನತೆಯಿರಬಹುದು, ಕ್ಲಾಸಿನಲ್ಲಿ ನಿಜಕ್ಕೂ ಯಾರೋ ಕಾಡುತ್ತಿರಬಹುದು, ನಿದ್ದೆ ಸರಿ ಮಾಡೋಣ, ವಾರ ವಾರ ನೋಡೋಣ ಎಂದರು. ಮನೆಯವರಿಗೆ ಸ್ವಲ್ಪ ನಿರಾಸೆ, ಇಷ್ಟು ದೂರ ಬಂದು ಒಂದು ಮಾತ್ರೆಯೂ ಇಲ್ಲವಲ್ಲ ಎಂದು.

ನಾಳಿದ್ದು ಮಂಗಳವಾರ ಬರಬೇಕು. ಅವಳ ಅಮ್ಮನ ನಂಬರ್ ರಿಜಿಸ್ಟರಿನಲ್ಲೂ ಇದೆ, ನನ್ನ ಫೋನಿನಲ್ಲೂ ಇದೆ. ನಾಳೆ ಸಂಜೆ ಹಾಲು ಕರೆಯುವ ಹೊತ್ತು ಮುಗಿದ ಮೇಲೆ ಮಾಡುತ್ತೇನೆ.