ಫೋನ್ ಮಾಡಿದವರಿಗೆ ಸಿಕ್ಕಿದ ಫೈಲ್

"ಇದ್ದದ್ದನ್ನೇ ಹೇಳಿದ್ದೇವಮ್ಮ. ಸುಳ್ಳೇನಾದರೂ ಹೇಳಿದೆವಾ?"

ಮೊನ್ನೆ ಸೋಮವಾರ ಆ ಖಾಸಗಿ ಮನೋರೋಗ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತಿದ್ದವರು ನನಗೆ ಹೇಳಿದ ಮಾತಿದು. ಸಾರಿಗೆ ಒಗ್ಗರಣೆ ಹಾಕುವಾಗಲೂ, ರಾತ್ರಿ ಮಲಗಿದ ಮೇಲೂ ಅದೇ ಕಿವಿಯಲ್ಲಿ ಕೊರೆಯುತ್ತಿದೆ.

ಭಾವ ತೀರಿಕೊಂಡ ಮೇಲೆ ಅಕ್ಕನ ಮಗಳಿಗೆ ಖಿನ್ನತೆ ಕವಿದಿತ್ತು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಈಗ ಕೆಲಸಕ್ಕೆ ಹೋಗುತ್ತಾಳೆ, ರಾತ್ರಿಯ ಒಂದು ಮಾತ್ರೆ ಮಾತ್ರ ಉಳಿದಿದೆ. ಈ ನಡುವೆ ಒಂದು ಸಂಬಂಧ ಬಂತು. ಹುಡುಗನನ್ನು ಇನ್ನೊಮ್ಮೆ ಕಂಡಾಗ ಎಲ್ಲವನ್ನೂ ತಾನೇ ಹೇಳುತ್ತೇನೆ ಎಂದು ಅವಳು ಪಟ್ಟು ಹಿಡಿದಿದ್ದಳು. ಅಷ್ಟರಲ್ಲಿ ಯಾರೋ ಅವಳನ್ನು ಅಲ್ಲಿ ನೋಡಿದ್ದಾರೆ, ಸುದ್ದಿ ಹುಡುಗನ ದೊಡ್ಡಪ್ಪನಿಗೆ ಮುಟ್ಟಿದೆ, ಅವರು ನೇರವಾಗಿ ಆಸ್ಪತ್ರೆಗೇ ಫೋನ್ ಮಾಡಿದ್ದಾರೆ. ಕೌಂಟರಿನವರು ಫೈಲ್ ತೆಗೆದು ಯಾವಾಗಿನಿಂದ ಚಿಕಿತ್ಸೆ, ಯಾವ ಮಾತ್ರೆ ಎಂಬುದನ್ನೆಲ್ಲ ಓದಿ ಹೇಳಿದ್ದಾರೆ. ಸಂಬಂಧ ಮುರಿದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಹುಡುಗಿಯನ್ನು ಎದುರು ಕೂರಿಸಿಕೊಂಡು ಕೇಳುವ ಧೈರ್ಯ ಇಲ್ಲದವರ ಮನೆಗೆ ಅವಳು ಹೋಗದಿದ್ದರೇ ಒಳ್ಳೆಯದು.

ಆದರೆ ಆ ಫೈಲ್? ಕೌಂಟರಿನ ಹಿಂದೆ ಬಾಗಿಲಿಲ್ಲದ ಕಬ್ಬಿಣದ ರ‍್ಯಾಕ್. ಪ್ರತಿ ಫೈಲಿನ ಬೆನ್ನಿಗೂ ದಪ್ಪ ಮಾರ್ಕರಿನಲ್ಲಿ ಬರೆದ ಹೆಸರು, ಊರು. ಮೇಜಿನ ಮೇಲೆ ತೆರೆದಿಟ್ಟ ದಾಖಲೆ ಪುಸ್ತಕದಲ್ಲಿ ಅಂದು ಬಂದವರ ಹೆಸರು, ಮುಂದಿನ ಕಾಲಂನಲ್ಲಿ ಕಾಯಿಲೆ. ಸಾಲಿನಲ್ಲಿ ನಿಂತ ಯಾರು ಬೇಕಾದರೂ ಓದಬಹುದಿತ್ತು. ನಾನು ಕಣ್ಣು ಬೇರೆಡೆ ತಿರುಗಿಸಿದೆ.

"ಹಾಗಾದರೆ ನನ್ನ ಫೈಲಿನ ಪ್ರತಿ ಕೊಡಿ" ಎಂದು ಅಕ್ಕನ ಮಗಳು ಕೇಳಿದಳು. "ಅದನ್ನೆಲ್ಲ ರೋಗಿಗಳ ಕೈಗೆ ಕೊಡುವುದಿಲ್ಲ" ಎಂಬ ಉತ್ತರ ಬಂತು. ಗುರುತು ಪರಿಚಯವಿಲ್ಲದ ದೊಡ್ಡಪ್ಪನಿಗೆ ಫೋನಿನಲ್ಲೇ ಸಿಕ್ಕಿದ್ದು ಅವಳಿಗೇ ಇಲ್ಲ!

2017ರ ಮಾನಸಿಕ ಆರೋಗ್ಯ ಕಾಯ್ದೆ ಮರುವರ್ಷವೇ ಜಾರಿಗೆ ಬಂದಿದೆ. ಕಾಯಿಲೆ, ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯಬೇಕೆಂಬ ಹಕ್ಕನ್ನು ಅದರ 23ನೇ ಕಲಂ ರೋಗಿಗೆ ಕೊಡುತ್ತದೆ. ರೋಗಿಯೇ ನೇಮಿಸಿಕೊಂಡ ಪ್ರತಿನಿಧಿಗೆ, ಚಿಕಿತ್ಸೆಗಾಗಿ ಬೇರೆ ವೈದ್ಯರಿಗೆ, ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಉಚ್ಚ ನ್ಯಾಯಾಲಯದಂಥವರ ಆದೇಶವಿದ್ದಾಗ, ಹೀಗೆ ಕೆಲವೇ ವಿನಾಯಿತಿಗಳಿವೆ. ಹೆಣ್ಣು ನೋಡಲು ಬಂದವರ ವಿಚಾರಣೆ ಆ ಪಟ್ಟಿಯಲ್ಲಿಲ್ಲ. 25ನೇ ಕಲಂ ಪ್ರಕಾರ ತನ್ನ ದಾಖಲೆ ನೋಡುವ ಹಕ್ಕು ರೋಗಿಗಿದೆ. ಅದರಿಂದ ಅವರ ಮನಸ್ಸಿಗೆ ಗಂಭೀರ ಹಾನಿಯಾಗುತ್ತದೆ ಅಥವಾ ಇತರರಿಗೆ ಅಪಾಯವಿದೆ ಎಂದು ಕಂಡರೆ ಅಷ್ಟು ಭಾಗವನ್ನು ತಡೆಹಿಡಿಯಬಹುದು, ಆಗಲೂ ರೋಗಿಗಳ ಅಹವಾಲು ಕೇಳಲು ಇದೇ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದೆಂದು ತಿಳಿಸಲೇಬೇಕು. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆ ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ವೈದ್ಯರ ಬಗ್ಗೆ ನನಗೆ ಗೌರವವಿದೆ, ಮಗುವನ್ನು ಉಳಿಸಿಕೊಟ್ಟವರು ಅವರು. ಆದರೂ "ಅದು ಕೌಂಟರಿನವರ ತಪ್ಪು, ನಾನು ಯಾರಿಗೂ ಹೇಳಿಲ್ಲ" ಎಂದಾಗ ಒಪ್ಪಲಾಗಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಹೇಳಿಕೊಂಡದ್ದನ್ನು ಬರೆದಿಟ್ಟವರು ಅವರು. ಅದನ್ನು ಬೀಗ ಹಾಕಿಡುವ ಹೊಣೆ ಇನ್ನಾರದು?

ಪರಿಚಯದ ವಕೀಲರೊಬ್ಬರು 1998ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸಿದರು. ಎಚ್‌ಐವಿ ಇದ್ದ ವರನ ವಿಷಯ ಹೊರಬಿದ್ದು ಮದುವೆ ನಿಂತಾಗ ನ್ಯಾಯಾಲಯ ಆಸ್ಪತ್ರೆಯ ಪರ ನಿಂತಿತ್ತು. ಅಲ್ಲಿ ವಧುವಿಗೆ ಸೋಂಕು ತಗಲುವ ಪ್ರಶ್ನೆಯಿತ್ತು. ಅಪ್ಪನನ್ನು ಕಳೆದುಕೊಂಡ ಸಂಕಟ ಯಾರಿಗೆ ತಗಲುತ್ತದೆ?

ಸುಳ್ಳು ಹೇಳಿದೆವಾ ಎಂದು ಕೇಳುವವರಿಗೆ, ಆ ಸತ್ಯವನ್ನು ಹೇಳಬೇಕಾದವರು ಯಾರು ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ. ಸಕ್ಕರೆ ಕಾಯಿಲೆಯವರ ಫೈಲನ್ನು ಹೀಗೆ ಓದಿ ಹೇಳುತ್ತಿದ್ದರೇ? ಮನಸ್ಸಿಗೆ ಚಿಕಿತ್ಸೆ ಪಡೆದವರ ಬಗ್ಗೆ ಮಾತನಾಡಲು ಅವರನ್ನು ಬಿಟ್ಟು ಉಳಿದವರಿಗೆಲ್ಲ ಹಕ್ಕಿದೆ ಎಂದು ನಾವು ನಂಬಿಬಿಟ್ಟಿದ್ದೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಬೆಂಕಿಯಿಂದ ತಪ್ಪಿಸಿಕೊಳ್ಳಲಾಗದೆ ಸತ್ತರು, 28 ಜನ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಇವರನ್ನು ಕೇಳುವುದೇನು ಎಂಬ ಧೋರಣೆ ಅಲ್ಲಿಯೂ ಇತ್ತು, ಈ ಕೌಂಟರಿನಲ್ಲಿಯೂ ಇದೆ. ನನಗಿರುವ ದೊಡ್ಡ ಭಯವೆಂದರೆ, ಈ ಕಥೆ ಕೇಳಿದ ಇನ್ನೊಬ್ಬ ಹುಡುಗಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಮನೆಯಲ್ಲಿ ಉಳಿದುಬಿಟ್ಟರೆ?

ಬುಧವಾರ ಅವಳೇ ಕೈಯಾರೆ ಎರಡು ಪತ್ರ ಬರೆದಳು. ಒಂದು ದಾಖಲೆ ಕೋರಿ ಆಸ್ಪತ್ರೆಗೆ, ಇನ್ನೊಂದು ಪರಿಶೀಲನಾ ಮಂಡಳಿಗೆ ದೂರು. ಆಸ್ಪತ್ರೆಯವರು ಮೊದಲಿನದಕ್ಕೆ ಸ್ವೀಕೃತಿ ಮುದ್ರೆ ಹಾಕಿಕೊಟ್ಟಿದ್ದಾರೆ. ಆಮೇಲೆ ಹುಡುಗನ ಫೋನ್ ನಂಬರ್ ಕೇಳಿದಳು. "ಮುಗಿದ ಸಂಬಂಧ, ಈಗ್ಯಾಕೆ ಮಾತು?" ಎಂದು ಅಕ್ಕ ಗದರಿದಳು.

"ಮದುವೆಗಲ್ಲಮ್ಮ. ನಾನು ಹೇಳಬೇಕೆಂದಿದ್ದನ್ನು ನನ್ನ ಬಾಯಿಂದಲೇ ಕೇಳಲಿ" ಎಂದಳು. ನಂಬರ್ ನನ್ನ ಬಳಿ ಇತ್ತು, ಕೊಟ್ಟೆ.