ಕಾಗದದ ಚೂರು

"ಟೀಚರ್ ಹೋದರಂತೆ. ನಾಳೆ ನಾಲ್ಕು ಗಂಟೆಗೆ ಇಗರ್ಜಿಯಲ್ಲಿ" ಎಂದು ಅಮ್ಮ ಫೋನ್ ಮಾಡಿದಾಗ ಯಾವ ಟೀಚರ್ ಅಂತ ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಟೀಚರ್ ಅಂದರೆ ಒಬ್ಬರೇ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆ. ಶಿರಾಡಿ ಘಾಟಿಯಲ್ಲಿ ಒಂದೇ ಸಮನೆ ಮಳೆ. ನಿದ್ದೆ ಬರಲಿಲ್ಲ.

ನಮ್ಮೂರು ಮಂಗಳೂರಿನಿಂದ ಸ್ವಲ್ಪ ಆಚೆ. ಇಗರ್ಜಿ ಅಂದರೆ ಚರ್ಚು; ಅದರ ಕಾಂಪೌಂಡಿನಲ್ಲೇ ಕನ್ನಡ ಮಾಧ್ಯಮ ಶಾಲೆ. 1994ರಲ್ಲಿ ನಾನು ಅಲ್ಲಿ ಮೂರನೇ ಕ್ಲಾಸು. ನಮ್ಮಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಮಾತು ತುಳು. ತುಳುವಿನ ಮಾತಿನಲ್ಲಿ ಮಹಾಪ್ರಾಣ ಇಲ್ಲ ಅಲ್ವಾ, ಹಾಗಾಗಿ ನಮಗೆ ಭಾರತ 'ಬಾರತ', ಧನ 'ದನ'. ಟೀಚರ್ ಮನೆಮಾತು ಕೊಂಕಣಿ. ಅವರ ಭಾಷೆಯಲ್ಲಿ ಮನೆಗೇ 'ಘರ್' ಅನ್ನುತ್ತಾರೆ. ನಮ್ಮ ಕಷ್ಟ ಅವರಿಗೆ ಇರಲಿಲ್ಲ. ಆದರೂ ಅದಕ್ಕೆ ಬೈದವರಲ್ಲ.

ಹಳೆಯ ಕಾಪಿ ಪುಸ್ತಕದ ಅಂಚಿನಿಂದ ಬೆರಳಗಲದ ಒಂದು ಚೂರು ಹರಿಯುತ್ತಿದ್ದರು. ಅದನ್ನು ನಮ್ಮ ತುಟಿಯ ಮುಂದೆ ಹಿಡಿದು "ಕ ಹೇಳು" ಅನ್ನುತ್ತಿದ್ದರು. ಕಾಗದ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತಿತ್ತು. "ಈಗ ಖ." ಸರಿಯಾಗಿ ಹೇಳಿದರೆ ಚೂರು ಪಟ್ ಅಂತ ಆಚೆ ಬಾಗಬೇಕು. "ಉಸಿರು ಬಿಡು ಮಗಾ, ಹೆದರಬೇಡ." ನನ್ನ 'ಭ'ಕ್ಕೆ ಕಾಗದ ಅಲುಗಾಡಲು ಒಂದು ವಾರವೇ ಬೇಕಾಯಿತು. ಆ ವಾರವಿಡೀ ಊಟದ ಬೆಲ್ಲಾದ ಮೇಲೆ ಐದು ನಿಮಿಷ ನನ್ನ ಪಕ್ಕ ಬೆಂಚಿನಲ್ಲಿ ಕೂತಿದ್ದರು. ಅವರ ಬೆರಳಿನಲ್ಲಿ ಸೀಮೆಸುಣ್ಣದ ವಾಸನೆ.

ಸೆಪ್ಟೆಂಬರ್ 8ಕ್ಕೆ ಮೋಂತಿ ಹಬ್ಬ, ಮಾತೆ ಮರಿಯಳ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಇಗರ್ಜಿಯಲ್ಲಿ ಮಕ್ಕಳು ಮಾತೆ ಮರಿಯಳಿಗೆ ಹೂ ಹಾಕುತ್ತಾರೆ. ಆ ದಿನಗಳಲ್ಲಿ ಟೀಚರ್ ಬೆಳಿಗ್ಗೆ ಬೇಗ ಬಂದು ಹೂವಿನ ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ಎಲ್ಲ ಮುಗಿದ ಮೇಲೆ ನೆಲಕ್ಕೆ ಬಿದ್ದ ಎಸಳು ಗುಡಿಸುತ್ತಿದ್ದವರೂ ಅವರೇ. ಹಬ್ಬದ ಮರುದಿನ ಕ್ಲಾಸಿಗೆ ಕಬ್ಬಿನ ತುಂಡು, ಆಶೀರ್ವಾದ ಮಾಡಿದ ಹೊಸ ತೆನೆ ತಂದರು. "ನಮ್ಮ ಮನೆಯಲ್ಲೂ ತೆನೆ ಕಟ್ತಾರೆ ಟೀಚರ್, ಇದೇ ಬತ್ತದ್ದು" ಎಂದೆ. "ಹೌದಾ! ಮತ್ತೆ, ಬತ್ತ ಅಲ್ಲ ಮಗಾ. ಭತ್ತ." ಇಡೀ ಕ್ಲಾಸು ಭತ್ತ ಭತ್ತ ಎಂದು ಕೂಗಿತು.

ಅದೇ ವರ್ಷ ಅಪ್ಪ ಅಡಿಕೆ ಮರದಿಂದ ಬಿದ್ದರು. ಸೊಂಟಕ್ಕೆ ಪೆಟ್ಟು, ಮೂರು ತಿಂಗಳು ಹಾಸಿಗೆ. ಆಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದೇ 2002ರಲ್ಲಿ. ಮಧ್ಯಾಹ್ನ ನಾನು ಬಾವಿಕಟ್ಟೆಯ ಕಡೆ ಸುಮ್ನೆ ಅಡ್ಡಾಡುವುದನ್ನು ಟೀಚರ್ ನೋಡಿರಬೇಕು. ಒಂದು ಭಾನುವಾರ ಸಂಜೆ ಇಗರ್ಜಿಯ ಇನ್ನೊಬ್ಬ ಹೆಂಗಸಿನ ಜೊತೆ, ಒಂದೇ ಕೊಡೆಯಲ್ಲಿ ನಮ್ಮ ಅಂಗಳಕ್ಕೆ ಬಂದರು. ಚೀಲದಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ. ಅಮ್ಮನಿಗೆ ನಾಚಿಕೆ. "ನಾವು ನಿಮ್ಮ ಇಗರ್ಜಿಯವರಲ್ಲವಲ್ಲ ಟೀಚರ್?"

"ನನ್ನ ಕ್ಲಾಸಿನ ಮಗು ಅಲ್ವಾ" ಎಂದರು. ಅಪ್ಪನ ಹತ್ತಿರ ಕೂತು ಔಷಧಿ ಚೀಟಿ ನೋಡಿದರು. ಆ ಮೂರು ತಿಂಗಳು ಒಂದು ವಾರವೂ ತಪ್ಪಿಸಲಿಲ್ಲ.

ಅದು ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಕೆಲಸ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ಇಪ್ಪತ್ತು ವರ್ಷದ ಹುಡುಗ ಗೆಳೆಯರ ಜೊತೆ ಕಟ್ಟಿದ ಸಭೆ ಅದು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವುದು ಅವರ ಕ್ರಮ. ಸಭೆ ಸೇರಿದಾಗ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ತಿಳಿಯುವುದಿಲ್ಲ. ಟೀಚರ್ ಇದ್ದದ್ದೂ ಹಾಗೆಯೇ. ಸೋಮವಾರ ಕ್ಲಾಸಿನಲ್ಲಿ ನನ್ನನ್ನು ಬೇರೆ ಥರ ನೋಡಲಿಲ್ಲ. ಕಾಪಿ ಬರೆಯದ್ದಕ್ಕೆ ಎಲ್ಲರ ಜೊತೆ ನನ್ನನ್ನೂ ನಿಲ್ಲಿಸಿದರು. ಅವತ್ತು ನಿಂತಿದ್ದಾಗ ನನಗೆ ಎಷ್ಟು ಸಮಾಧಾನ ಆಗಿತ್ತು ಎಂದು ಈಗಲೂ ನೆನಪಿದೆ.

ಇಗರ್ಜಿ ತುಂಬಿತ್ತು. ಪೂಜೆ ಕೊಂಕಣಿಯಲ್ಲಿ. ಆದರೆ ಹಿಂದಿನ ಸಾಲುಗಳಲ್ಲಿ ನಮ್ಮಂಥವರೇ ಜಾಸ್ತಿ ಇದ್ದದ್ದರಿಂದ ಒಂದು ವಾಚನ ಕನ್ನಡದಲ್ಲಿ ಇಟ್ಟಿದ್ದರು. ಓದಿದವನು ನನ್ನ ಕ್ಲಾಸಿನ ಹುಡುಗ, ಈಗ ರಿಕ್ಷಾ ಓಡಿಸುತ್ತಾನೆ. ದನಿ ನಡುಗಿತು. ಒಂದು ಮಹಾಪ್ರಾಣವೂ ತಪ್ಪಲಿಲ್ಲ.

ಹೊರಗೆ ಮಳೆ ನಿಂತಿತ್ತು. ಇಗರ್ಜಿಯ ಸ್ಮಶಾನ ಸಿಮೆತ್ರಿಯ ಕೆಂಪು ಮಣ್ಣು ಅಂಟಂಟಾಗಿತ್ತು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದೆವು. ನನ್ನ ಕೈಯಿಂದ ಅದು ಬೇಗ ಬೀಳಲೇ ಇಲ್ಲ.

ಮೇ ತಿಂಗಳಲ್ಲಿ ನೋಡಲು ಹೋಗಿದ್ದೆ. ಪಾರ್ಶ್ವವಾಯು ಆಗಿ ಮಾತು ತೊದಲುತ್ತಿತ್ತು. ನನ್ನ ಗುರುತು ಹಿಡಿದರು. ಕೈ ಹಿಡಿದು, ತುಂಬ ಹೊತ್ತು ಹುಡುಕಿ "ಕು... ಕುಸಿ ಆಯ್ತು" ಎಂದರು. ಕೂಡಲೇ ಅಲ್ಲ ಅಲ್ಲ ಎಂದು ತಲೆ ಆಡಿಸಿದರು. ಮೇಜಿನ ಮೇಲಿದ್ದ ಪೇಪರ್ ಕಡೆ ಬೆರಳು ತೋರಿಸಿದರು. ಮೊದಲಿಗೆ ನನಗೆ ಅರ್ಥ ಆಗಲಿಲ್ಲ. ಆಮೇಲೆ ಅದರ ಅಂಚಿನಿಂದ ಒಂದು ಚೂರು ಹರಿದು ಅವರ ತುಟಿಯ ಮುಂದೆ ಹಿಡಿದೆ.

ಮೊದಲ ಸಲ ಆಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು.

"ಖುಷಿ ಆಯ್ತು ಮಗಾ."

ಕಾಗದ ಅಲುಗಾಡಿತು.